ಘಾಟಿ, ವಿದುರಾಶ್ವತ್ಥ, ಲೇಪಾಕ್ಷಿ: ಅಜ್ಜಿಯ ನಾಗರಕಲ್ಲು ಹುಡುಕಿಕೊಂಡು ಒಂದು ದಿನ

ಲೇಪಾಕ್ಷಿಗೆ ಹೊರಟ ಬೆಂಗಳೂರಿನವರು ಸಾಮಾನ್ಯವಾಗಿ ಏರ್‌ಪೋರ್ಟ್ ರಸ್ತೆ ಹಿಡಿದು, ಬಾಗೇಪಲ್ಲಿ ದಾಟಿ, ಕೊಡಿಕೊಂಡ ಚೆಕ್‌ಪೋಸ್ಟ್ ಹತ್ತಿರ ಎಡಕ್ಕೆ ತಿರುಗಿಬಿಡುತ್ತಾರೆ. ಸುಮಾರು 120 ಕಿಲೋಮೀಟರ್, ಬಸವಣ್ಣನ ಮುಂದೆ ಒಂದು ಫೋಟೊ, ವಾಪಸ್. ನಾವೂ ಹಿಂದೆ ಎರಡು ಸಲ ಹಾಗೇ ಹೋಗಿ ಬಂದವರು. ಈ ಸಲ ಸುತ್ತುದಾರಿ ಹಿಡಿದದ್ದು ಅಮ್ಮನಿಂದಾಗಿ.

"ನೀನು ಹುಟ್ಟೋಕೆ ಮುಂಚೆ ನಿಮ್ಮಜ್ಜಿ ವಿದುರಾಶ್ವತ್ಥದಲ್ಲಿ ನನ್ನ ಹೆಸರಲ್ಲಿ ಒಂದು ಕಲ್ಲು ನಿಲ್ಲಿಸಿದ್ರು ಕಣೋ. ನಾನು ಮತ್ತೆ ಹೋಗೇ ಇಲ್ಲ. ಒಂದು ಸಲ ತನಿ ಎರೆದು ಬರೋಣ" ಅಂದರು. ನಕಾಶೆ ತೆಗೆದು ನೋಡಿದರೆ ಘಾಟಿ ಸುಬ್ರಹ್ಮಣ್ಯ, ವಿದುರಾಶ್ವತ್ಥ, ಹಿಂದೂಪುರ, ಲೇಪಾಕ್ಷಿ, ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತವೆ. ಹೋಗುವಾಗ ದೊಡ್ಡಬಳ್ಳಾಪುರದ ಮೇಲೆ, ಬರುವಾಗ ಹೆದ್ದಾರಿ. ನಾಗರಹಾವನ್ನು ಮೂರು ಬಗೆಯಲ್ಲಿ ನೋಡಲು ಬೆಂಗಳೂರಿನ ಸುತ್ತ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಮೊದಲ ಕಿವಿಮಾತು ದಿನದ ಬಗ್ಗೆ. ಮಂಗಳವಾರ, ಭಾನುವಾರ, ಷಷ್ಠಿ ಬೇಡವೇ ಬೇಡ. ಡಿಸೆಂಬರ್ ಸುಮಾರಿಗೆ ಘಾಟಿಯಲ್ಲಿ ದನಗಳ ಜಾತ್ರೆ ಕೂಡುತ್ತದೆ. ಅದನ್ನು ನೋಡಬೇಕೆಂದೇ ಹೋಗುವುದಾದರೆ ಬೇರೆ ಮಾತು, ಗುಡಿ ನೋಡಲು ಅದು ಹೊತ್ತಲ್ಲ. ನಾವು ಫೆಬ್ರವರಿಯ ಒಂದು ಬುಧವಾರ ಬೆಳಗ್ಗೆ ಆರಕ್ಕೆ ಬಿಟ್ಟು ಎಂಟರೊಳಗೆ ಘಾಟಿ ಸೇರಿದೆವು.

ಘಾಟಿಯಲ್ಲಿ ಗರ್ಭಗುಡಿಯ ಮುಂದೆ ನಿಂತಾಗ ಕಣ್ಣನ್ನು ಸ್ವಲ್ಪ ಮೇಲಕ್ಕೆ ಎತ್ತಿ. ಎದುರಿಗೆ ಕಾಣುವುದು ಏಳು ಹೆಡೆಯ ಸುಬ್ರಹ್ಮಣ್ಯ, ಪೂರ್ವಕ್ಕೆ ಮುಖ. ಅದೇ ಕಲ್ಲಿನ ಬೆನ್ನಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ನರಸಿಂಹನಿದ್ದಾನೆ. ಅವನನ್ನು ನೋಡಲೆಂದೇ ಹಿಂದೆ ದೊಡ್ಡ ಕನ್ನಡಿ ಇಟ್ಟಿದ್ದಾರೆ. ಕೈ ಮುಗಿದು ತಲೆ ತಗ್ಗಿಸಿ ಸರಿದುಹೋಗುವವರಿಗೆ ಆ ಕನ್ನಡಿ ಕಾಣುವುದೇ ಇಲ್ಲ. ನನ್ನ ಹೆಂಡತಿಗೆ ಹಾಗೇ ಆಗಿ, ಅವಳು ಇನ್ನೊಂದು ಸಲ ಸಾಲಿನಲ್ಲಿ ನಿಂತಳು. ಸರ್ಪದ ಬೆನ್ನಿಗೆ ಸಿಂಹ ಯಾಕೆ ಎನ್ನುವುದಕ್ಕೆ ಸ್ಥಳಪುರಾಣದಲ್ಲಿ ಉತ್ತರವಿದೆ: ಗರುಡನ ಕಾಟದಿಂದ ನಾಗಕುಲವನ್ನು ಉಳಿಸೆಂದು ಸುಬ್ರಹ್ಮಣ್ಯ ವಿಷ್ಣುವಿನ ಮೊರೆ ಹೋದ, ಗರುಡನ ಒಡೆಯನೇ ಬಂದು ಬೆನ್ನಿಗೆ ನಿಂತ. ಕುಕ್ಕೆಯ ಕತೆಯಲ್ಲೂ ಗರುಡನಿಗೆ ಹೆದರಿದ ವಾಸುಕಿ ಸುಬ್ರಹ್ಮಣ್ಯನ ಆಸರೆ ಪಡೆಯುತ್ತಾನೆ. ತಮಿಳುನಾಡಿನಲ್ಲಿ ಇದೇ ದೇವರು ವೇಲಾಯುಧ ಹಿಡಿದು ಹಾವಿನ ವೈರಿ ನವಿಲಿನ ಮೇಲೆ ಕೂತಿರುತ್ತಾನೆ. ಗಡಿ ದಾಟಿ ಈಚೆ ಬಂದರೆ ಅವನೇ ಹಾವು. ನನಗೆ ಚಿಕ್ಕಂದಿನಿಂದ ಇದು ಸೋಜಿಗ.

ಘಾಟಿಯಲ್ಲಿ ಕೋತಿಗಳಿವೆ. ಹಣ್ಣುಕಾಯಿಯ ಚೀಲವನ್ನು ಕೈಯಲ್ಲಿ ತೂಗಾಡಿಸಿಕೊಂಡು ಹೋಗಬೇಡಿ, ಎದೆಗೆ ಅವಚಿಕೊಳ್ಳಿ. ನಮ್ಮ ಬಾಳೆಹಣ್ಣಿನ ಚಿಪ್ಪು ಮೆಟ್ಟಿಲ ಹತ್ತಿರವೇ ಹೋಯಿತು.

ಅಲ್ಲಿಂದ ಗೌರಿಬಿದನೂರಿನಲ್ಲಿ ತಿಂಡಿ. ವಿದುರಾಶ್ವತ್ಥಕ್ಕೆ ಇನ್ನು ಆರೇಳು ಕಿಲೋಮೀಟರ್. ಕಾರಿಲ್ಲದವರಿಗೆ ರೈಲೂ ಇದೆ. ಯಲಹಂಕ ಮೇಲೆ ಹಿಂದೂಪುರಕ್ಕೆ ಹೋಗುವ ಹಳಿಯ ಮೇಲೆ ವಿದುರಾಶ್ವತ್ಥ ಹೆಸರಿನದೇ ನಿಲ್ದಾಣವಿದೆ. ಪ್ಯಾಸೆಂಜರ್ ಮಾತ್ರ ನಿಲ್ಲುವಂಥ ಸಣ್ಣ ನಿಲ್ದಾಣ, ವಾಪಸು ಬರುವ ಗಾಡಿಯ ವೇಳೆ ನೋಡಿಕೊಂಡೇ ಇಳಿಯಿರಿ.

ವಿದುರಾಶ್ವತ್ಥಕ್ಕೆ ಅರ್ಧ ಗಂಟೆ ಸಾಕು ಎಂದು ಹೇಳುವವರ ಮಾತು ಕೇಳಬೇಡಿ. ನಾವು ಎರಡೂವರೆ ಗಂಟೆ ಇದ್ದೆವು, ಸಾಲಲಿಲ್ಲ. ಉತ್ತರ ಪಿನಾಕಿನಿಯ ದಡದ ಊರು. ಕುರುಕ್ಷೇತ್ರದ ಯುದ್ಧ ಮುಗಿದ ಮೇಲೆ ನೊಂದು ಬಂದ ವಿದುರ ನೆಟ್ಟ ಅಶ್ವತ್ಥ ಎಂಬ ನಂಬಿಕೆಯಿಂದ ಊರಿಗೆ ಈ ಹೆಸರು. ಆ ಹಳೆಯ ಮರ 2001ರಲ್ಲಿ ಉರುಳಿತು. ಮರ ಹೋದರೂ ಕಲ್ಲುಗಳು ಬರುವುದು ನಿಂತಿಲ್ಲ. ಪ್ರಾಕಾರದ ಗೋಡೆಯುದ್ದಕ್ಕೂ, ಕಟ್ಟೆಗಳ ಮೇಲೆ, ಒಂದರ ಹಿಂದೊಂದು, ಒಂದಕ್ಕೊಂದು ಒರಗಿಕೊಂಡು ಸಾವಿರಾರು ನಾಗರಕಲ್ಲುಗಳು. ಮಕ್ಕಳಾಗಲಿ ಎಂದು, ಆದ ಮಕ್ಕಳು ಉಳಿಯಲಿ ಎಂದು, ಮದುವೆ ಕೂಡಿಬರಲಿ ಎಂದು, ಸರ್ಪದೋಷ ಹೋಗಲಿ ಎಂದು ಹರಕೆ ಹೊತ್ತವರು ನಿಲ್ಲಿಸಿದ್ದು. ಕಲ್ಲನ್ನು ಕಡೆಸಿ ತಂದ ಕೂಡಲೇ ನಿಲ್ಲಿಸುವ ಹಾಗಿಲ್ಲ, ಕೆಲವು ಕಾಲ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ಪ್ರತಿಷ್ಠೆ. ಅಜ್ಜಿಯ ಕಲ್ಲು ನಮ್ಮ ಮನೆಯ ಹಿತ್ತಲ ಬಾವಿಯಲ್ಲಿತ್ತಂತೆ. "ಆ ಬಾವಿ ನೀರನ್ನೇ ಕುಡೀತಿದ್ವಿ" ಎಂದು ಅಮ್ಮ ನಕ್ಕರು.

ಹುಡುಕಲು ನಮ್ಮ ಕೈಯಲ್ಲಿದ್ದ ಗುರುತು ಒಂದೇ: ಸುರುಳಿಯ ನಡುವೆ ಪುಟ್ಟ ಕೃಷ್ಣ. ಹತ್ತು ನಿಮಿಷದಲ್ಲಿ ಅಂಥವು ಹದಿನೈದು ಸಿಕ್ಕವು. ಹುಡುಕುತ್ತಾ ಹುಡುಕುತ್ತಾ ಕಲ್ಲು ಓದುವುದು ಅಭ್ಯಾಸವಾಯಿತು, ನೀವೂ ಹೋದಾಗ ಹೀಗೆ ನೋಡಿ. ಒಂಟಿ ನಾಗವಾದರೆ ಹೆಡೆ ಎಣಿಸಿ, ಒಂದು, ಮೂರು, ಐದು, ಏಳು. ಸರಿಸಂಖ್ಯೆ ಹುಡುಕುತ್ತೇನೆಂದು ಹೊರಟ ಮಗಳು ಸೋತು ಬಂದಳು. ಜೋಡಿ ನಾಗವಾದರೆ ಬಾಲದಿಂದ ಶುರು ಮಾಡಿ. ನಾನು ಬಹಳ ಹೊತ್ತು ಕೂತು ನೋಡಿದ ಕಲ್ಲೊಂದು ಮೊಣಕಾಲೆತ್ತರದ್ದು. ಬುಡದಲ್ಲಿ ಎರಡು ಬಾಲ ಕತ್ತರಿ ಹಾಕಿಕೊಂಡು ಮೇಲೇಳುತ್ತವೆ, ಮೂರು ಕಡೆ ಹೆಣೆದುಕೊಳ್ಳುತ್ತವೆ, ಹೆಣಿಗೆಯ ನಡುವಿನ ಸಂದುಗಳಲ್ಲಿ ಕೆಳಗೊಂದು ಹೂವು, ಮೇಲೊಂದು ಲಿಂಗ. ತುದಿಯಲ್ಲಿ ಎರಡು ಹೆಡೆ ಎದುರುಬದುರು, ಮಾತಿಗೆ ಬಾಯಿ ತೆರೆಯುವ ಮುಂಚಿನ ಹಾಗೆ. ಅರಿಶಿನ ಕುಂಕುಮ ಪದರ ಪದರವಾಗಿ ಕೂತು ಕಣ್ಣು ಮುಚ್ಚಿಹೋಗಿದ್ದವು. ಲಿಂಗದ ಸಂದಿನಲ್ಲಿ ನಿಂತ ಹಾಲು ಒಡೆದು ಹುಳಿ ನಾತ, ಅದಕ್ಕೆ ಇರುವೆ ಸಾಲು. ಕೆಲವು ಕಲ್ಲುಗಳಲ್ಲಿ ಸೊಂಟದಿಂದ ಮೇಲೆ ಹೆಣ್ಣಿನ ರೂಪದ ನಾಗಿಣಿ. ಹೊಸ ಕಲ್ಲುಗಳ ಬುಡದಲ್ಲಿ ದಂಪತಿಯ ಹೆಸರು ಬಣ್ಣದಲ್ಲಿ ಬರೆಸಿದ್ದಾರೆ.

ಈ ಜೋಡಿ ಹೆಣಿಗೆಯ ಮಾತು ಬಂತು, ಒಂದು ಹೇಳಿಬಿಡುತ್ತೇನೆ. ಹೊಲದಲ್ಲಿ ಎರಡು ಹಾವು ತೆಕ್ಕೆ ಹಾಕಿಕೊಂಡು ಎದ್ದು ನಿಂತದ್ದನ್ನು ಕಂಡರೆ ಗಂಡು ಹೆಣ್ಣು ಕೂಡಿವೆ ಎಂದು ನಮ್ಮ ಕಡೆ ಕೈ ಮುಗಿಯುತ್ತಾರೆ. ಸಾಮಾನ್ಯವಾಗಿ ಅವು ಎರಡು ಗಂಡು ಕೇರೆಹಾವುಗಳು, ಹೆಣ್ಣಿಗಾಗಿ ಸೆಣಸುತ್ತಿರುತ್ತವೆ. ಶಿಲ್ಪಿಗೆ ಆ ಕುಸ್ತಿಯೇ ದಾಂಪತ್ಯವಾಗಿ ಕಂಡಿತೋ ಏನೋ. ಹೆಂಡತಿಗೆ ಹೇಳಿದೆ. "ಎರಡರಲ್ಲಿ ವ್ಯತ್ಯಾಸ ಏನಿದೆ ಬಿಡಿ" ಅಂದಳು.

ಹಾಗೆಯೇ ಹಾಲಿನ ವಿಷಯ. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ಹಾವಾಡಿಗರು ಬಾಯಾರಿಸಿ ತಂದಾಗ ಕುಡಿದರೂ ಅದು ಅದಕ್ಕೆ ಕೇಡು. ಗುಡಿಯ ಹೊರಗೆ ಬುಟ್ಟಿ ಹಿಡಿದು ಯಾರಾದರೂ ಕೂತಿದ್ದರೆ ದುಡ್ಡು ಹಾಕಬೇಡಿ, ಹಾವು ಹಿಡಿದಿಟ್ಟುಕೊಳ್ಳುವುದು ಕಾನೂನಿನ ಪ್ರಕಾರವೂ ಅಪರಾಧ. ಕಲ್ಲಿಗೆ ಒಂದು ಒಳಲೆ ಹಾಲು ಸಾಕು. ನಾವು ಲೀಟರುಗಟ್ಟಲೆ ಪ್ಯಾಕೆಟ್ ಒಯ್ದು, ಒಂದು ಕಾರಿನ ಸೀಟಿನ ಮೇಲೆಯೇ ಒಡೆದು, ಇಡೀ ದಿನ ಆ ವಾಸನೆಯಲ್ಲಿ ತಿರುಗಿದೆವು.

ಅಜ್ಜಿಯ ಕಲ್ಲು ಸಿಗಲಿಲ್ಲ. ಹೊಸ ಕಲ್ಲಿಗೆ ಜಾಗ ಮಾಡಲು ಹಳೆಯವನ್ನು ಸರಿಸುತ್ತಾ ಇರುತ್ತಾರೆ ಎಂದು ಅಲ್ಲಿ ಹೂ ಮಾರುವವರೊಬ್ಬರು ಹೇಳಿದರು. ಅಮ್ಮ ಸುಮ್ಮನೆ ಒಂದು ಸುತ್ತು ಬಂದು, ಮುಖ ಸವೆದು ಹೆಡೆಯ ಅಂಚು ಮಾತ್ರ ಉಳಿದ, ಯಾರೂ ಅರಿಶಿನ ಹಚ್ಚದ ಕಲ್ಲೊಂದರ ಮುಂದೆ ಕೂತರು. ಮನೆಯಿಂದ ತಂದಿದ್ದ ಚಿಗಳಿ, ತಂಬಿಟ್ಟು ಇಟ್ಟು ತನಿ ಎರೆದರು. ಇದು ನಾಗರಪಂಚಮಿಯಲ್ಲವಲ್ಲ ಅಂದೆ. "ನಾಗಪ್ಪನಿಗೆ ಕ್ಯಾಲೆಂಡರ್ ಗೊತ್ತೇನೋ?"

ಹೊರಡುವ ಮುಂಚೆ ಅಲ್ಲಿನ ಹುತಾತ್ಮರ ಸ್ಮಾರಕ ವೀರಸೌಧವನ್ನು ಬಿಡಬೇಡಿ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಇಲ್ಲೇ. ಕರ್ನಾಟಕದ ಜಲಿಯನ್‌ವಾಲಾಬಾಗ್ ಎನ್ನುತ್ತಾರೆ.

ಹಿಂದೂಪುರದಲ್ಲಿ ಊಟ ಮುಗಿಸಿ ಲೇಪಾಕ್ಷಿ ಸೇರಿದಾಗ ಎರಡೂವರೆ. ಇದು ನಮ್ಮ ತಪ್ಪು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟರೆ, ಗುಡಿ ನಿಂತಿರುವ ಆಮೆಯಾಕಾರದ ಗುಡ್ಡ ಕೂರ್ಮಶೈಲದ ಬಂಡೆ ಕಾದ ಹೆಂಚು. ಫೆಬ್ರವರಿಯಲ್ಲೇ ಹೀಗಾದರೆ ಏಪ್ರಿಲ್ ಕತೆ ನೀವೇ ಊಹಿಸಿ. ದಪ್ಪ ಕಾಲುಚೀಲ ಒಯ್ಯಿರಿ, ಇಲ್ಲವೇ ನಾಲ್ಕರ ಮೇಲೆ ಒಳಗೆ ಹೋಗಿ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಸೋದರರು ಕಟ್ಟಿಸಿದ ವೀರಭದ್ರನ ಗುಡಿ ಇದು. ಈಗ ಆಂಧ್ರದಲ್ಲಿದ್ದರೂ ಗೋಡೆಯ ಮೇಲಿನ ಶಾಸನಗಳಲ್ಲಿ ಕನ್ನಡ ಕಾಣುತ್ತದೆ. ಜನ ನೆಲಕ್ಕೆ ಪೂರ್ತಿ ತಾಗದ ತೂಗುಕಂಬದ ಕೆಳಗೆ ಪಂಚೆ ತೂರಿಸಿ ಎಳೆಯುವುದರಲ್ಲಿ ಮುಳುಗಿರುತ್ತಾರೆ. ನೀವು ಅದನ್ನು ಬೇಗ ಮುಗಿಸಿ ಗುಡಿಯ ಹಿಂಭಾಗಕ್ಕೆ ನಡೆಯಿರಿ.

ಅಲ್ಲಿ ಬಂಡೆಯಲ್ಲೇ ಕಡೆದ ನಾಗಲಿಂಗ. ಮೂರು ಸುತ್ತು ಸುರುಳಿ ಹಾಕಿ ಕೂತ ಹಾವು, ಸುರುಳಿಯೊಳಗೆ ಕರಿಯ ಲಿಂಗ, ಮೇಲೆ ಏಳು ಹೆಡೆಯ ಕೊಡೆ. ಶಿಲ್ಪಿಗಳ ತಾಯಿ ಮಧ್ಯಾಹ್ನದ ಅಡುಗೆ ಮಾಡುವಷ್ಟರಲ್ಲಿ, ಕಾಯುತ್ತಾ ಕೂತ ಮಕ್ಕಳು ಇದನ್ನು ಕಡೆದು ಮುಗಿಸಿದರಂತೆ. ಊರಿನ ಕತೆ. ಫೋಟೊ ಎಲ್ಲರೂ ಎದುರಿನಿಂದ ತೆಗೆಯುತ್ತಾರೆ, ಪಕ್ಕಕ್ಕೆ ಸರಿದು ನೋಡಿದರೆ ಸುರುಳಿಯ ಭಾರ ತಿಳಿಯುತ್ತದೆ, ಕೆಳಗಿನ ಸುತ್ತು ಮೇಲಿನದಕ್ಕಿಂತ ತುಸು ಹರಡಿಕೊಂಡಿದೆ. ಊರಂಚಿನ ದೊಡ್ಡ ಬಸವಣ್ಣ ನೋಡುತ್ತಾ ಕೂತಿರುವುದು ಈ ಲಿಂಗದ ಕಡೆಗೇ. ಹಾಗಾಗಿ ನಾಗಲಿಂಗ ಮೊದಲು, ಬಸವಣ್ಣ ಆಮೇಲೆ ನೋಡಿದರೆ ಅವನ ಎತ್ತಿದ ಕತ್ತು ಅರ್ಥವಾಗುತ್ತದೆ.

ಶಿಲ್ಪದ ಹಳಮೆಯೇ ಬೇಕೆನ್ನುವವರು ಇನ್ನೊಮ್ಮೆ ಬನವಾಸಿಗೆ ಹೋಗಿ. ಮಧುಕೇಶ್ವರ ಗುಡಿಯಲ್ಲಿ ಪ್ರಾಕೃತ ಶಾಸನವಿರುವ ಐದು ಹೆಡೆಯ ನಾಗಶಿಲೆ ಇದೆ, ಕಡೆದವನು ನಟಕ ಎಂದು ಅದರಲ್ಲೇ ಬರೆದಿದೆ. ಕದಂಬರಿಗೂ ಹಿಂದಿನದು.

ಅಮ್ಮ ನಾಗಲಿಂಗದ ಮುಂದೆ ಸೆರಗು ತಲೆಗೆ ಹೊದ್ದು ಬಹಳ ಹೊತ್ತು ನಿಂತಿದ್ದರು. ಆಮೇಲೆ ಕಾಲು ಸುಡುತ್ತದೆಂದು ನೆರಳಿಗೆ ಬಂದು ಮೆಲ್ಲಗೆ ಕೇಳಿದರು, "ಇಷ್ಟು ದೊಡ್ಡ ನಾಗಪ್ಪ, ಹಣೆಗೆ ಒಂದು ಚೂರು ಕುಂಕುಮ ಇಲ್ವಲ್ಲೋ?" ಪುರಾತತ್ವ ಇಲಾಖೆಯ ಸ್ಮಾರಕ ಅಮ್ಮ, ಹಚ್ಚುವ ಹಾಗಿಲ್ಲ ಅಂದೆ. ಚೀಲದಲ್ಲಿ ಉಳಿದಿದ್ದ ಅರಿಶಿನದ ಪೊಟ್ಟಣವನ್ನು ಇನ್ನೊಮ್ಮೆ ಮಡಿಸಿ ಒಳಗಿಟ್ಟುಕೊಂಡರು.

ಐದೂವರೆಗೆ ಅಲ್ಲಿಂದ ಬಿಟ್ಟು ಕೊಡಿಕೊಂಡ ಹತ್ತಿರ ಹೆದ್ದಾರಿ ಹಿಡಿದೆವು. ಬಾಗೇಪಲ್ಲಿ ಟೋಲ್ ದಾಟಿದ ಮೇಲೆ ದೇವನಹಳ್ಳಿವರೆಗೆ ತೊಂದರೆಯಿಲ್ಲ, ಹೆಬ್ಬಾಳದಲ್ಲಿ ಮಾತ್ರ ಮುಕ್ಕಾಲು ಗಂಟೆ ಹಿಡಿಯಿತು.