ಶಿವಡಿಯ ತೋಟದಲ್ಲಿ ಪುನರುತ್ಥಾನದ ಬೆಳಗು

ಮಾರ್ಕನ ಸುವಾರ್ತೆಯ ಕೊನೆಯ ಅಧ್ಯಾಯ ಒಂದು ಖರೀದಿಯಿಂದ ಆರಂಭವಾಗುತ್ತದೆ. ಯೆಹೂದ್ಯರ ವಿಶ್ರಾಂತಿ ದಿನವಾದ ಸಬ್ಬತ್ ಕಳೆದ ಕೂಡಲೇ ಮಗ್ದಲದ ಮರಿಯಳು, ಯಾಕೋಬನ ತಾಯಿಯಾದ ಮರಿಯಳು ಮತ್ತು ಸಲೋಮೆ ಯೇಸುಸ್ವಾಮಿಯ ದೇಹಕ್ಕೆ ಹಚ್ಚಲೆಂದು ಸುಗಂಧದ್ರವ್ಯಗಳನ್ನು ಕೊಂಡುಕೊಂಡರು. ನಿಜ ಹೇಳಬೇಕೆಂದರೆ ಅದರ ಅಗತ್ಯ ಅಷ್ಟಾಗಿ ಇರಲಿಲ್ಲ. ರಕ್ತಬೋಳ, ಅಗರುಗಳನ್ನು ಇಂದಿನ ಲೆಕ್ಕದಲ್ಲಿ 30 ಕಿಲೊಗೂ ಮಿಕ್ಕಿ ನಿಕೊದೇಮನೆಂಬ ಯೆಹೂದ್ಯ ಹಿರಿಯನು ಶುಕ್ರವಾರ ಹೂಳುವಾಗಲೇ ತಂದಿದ್ದನೆಂದು ಯೋಹಾನನು ಬರೆಯುತ್ತಾನೆ. ಆದರೂ ತಮ್ಮ ಕೈಯಾರೆ ಒಮ್ಮೆ ಹಚ್ಚದೆ ಆ ಹೆಂಗಸರಿಗೆ ಸಮಾಧಾನವಾಗಲಿಲ್ಲ. ಸಮಾಧಿಯ ಬಾಗಿಲಿನ ಕಲ್ಲನ್ನು ತಮಗಾಗಿ ಉರುಳಿಸುವವರು ಯಾರೆಂದು ದಾರಿಯುದ್ದಕ್ಕೂ ಕೇಳಿಕೊಳ್ಳುತ್ತ, ಉತ್ತರ ತಿಳಿಯದೆಯೇ ನಡೆದರು. ಸ್ವಾಮಿಯು ಏಳುವನೆಂಬ ನಿರೀಕ್ಷೆ ಅವರಿಗಿರಲಿಲ್ಲ. ಸತ್ತ ದೇಹವೊಂದಕ್ಕೆ ಕೊನೆಯ ಸೇವೆ ಮಾಡಲು ಹೊರಟವರಿಗೇ ಲೋಕದ ಮೊದಲ ಪುನರುತ್ಥಾನದ ವಾರ್ತೆ ದೊರೆಯಿತು.

ಈ ಭಾಗವನ್ನು ಓದಿದಾಗಲೆಲ್ಲ ನನಗೆ ನಮ್ಮ ಆಯಿಯ ಕೈಗಳ ವಾಸನೆ ಬರುತ್ತದೆ. ಬೆಟಗೇರಿಯ ಬಾಸೆಲ್ ಮಿಷನ್ ಕುಟುಂಬದಲ್ಲಿ ಹುಟ್ಟಿ, ಮದುವೆಯಾಗಿ ಮುಂಬಯಿಯ ಚಾಳಿಗೆ ಬಂದ ನಮ್ಮ ಅಜ್ಜಿ, ಕನ್ನಡ ಸಭೆಯಲ್ಲಿ ಯಾವ ಹೆಣ್ಣುಮಗಳು ತೀರಿಕೊಂಡರೂ ಆ ಮನೆಗೆ ಹೋಗಿ ದೇಹವನ್ನು ತೊಳೆದು ಸಿದ್ಧಗೊಳಿಸುತ್ತಿದ್ದಳು. ಅವಳಿಗೆ ಯಾರೂ ಆ ಕೆಲಸವನ್ನು ವಹಿಸಿರಲಿಲ್ಲ. ಬೆಚ್ಚಗಿನ ನೀರು, ಹೊಸ ಸಾಬೂನು, ಬಿಳಿಯ ಸೀರೆ, ಕೊನೆಗೆ ಹಣೆಗೂ ಅಂಗೈಗಳಿಗೂ ಕೊಲೋನ್ ನೀರು. ಆ ಚಿಕ್ಕ ಶೀಶೆಯನ್ನು ಅವಳು ಸತ್ಯವೇದದ ಪಕ್ಕದಲ್ಲಿಯೇ ಇಡುತ್ತಿದ್ದಳು. ಮನೆಗೆ ಮರಳಿ ಸ್ನಾನ ಮಾಡಿದ ಮೇಲೂ ಆ ತಂಪಾದ, ತುಸು ಕಟುವಾದ ಪರಿಮಳ ಅವಳ ಬೆರಳುಗಳಲ್ಲಿ ಉಳಿದಿರುತ್ತಿತ್ತು. ಅದೇ ಕೈಯಿಂದ ನಮಗೆ ರೊಟ್ಟಿ ಮುರಿದು ಕೊಡುತ್ತಿದ್ದಳು. ದೇಹವನ್ನು ಮಗ್ಗುಲಿಗೆ ಹೊರಳಿಸುವಾಗ ಜೊತೆಗಿದ್ದವರಿಗೆ ಅವಳು ಹೇಳುತ್ತಿದ್ದ ಮಾತೊಂದಿದೆ: “ಹಗೂರಕ ಹಿಡೀರಿ, ಆಕಿಗೆ ನೋವಾದೀತು.” ಸತ್ತವಳಿಗೆ ಎಂಥ ನೋವೆಂದು ಚಿಕ್ಕಂದಿನಲ್ಲಿ ನಾನು ಕೇಳಿದ್ದುಂಟು. “ಇದ ಮೈಯಾಗ ಏಳಾಕಿ ಅಲ್ಲೇನು ಆಕಿ” ಎಂದಳು.

ಅಪೊಸ್ತಲರ ವಿಶ್ವಾಸಪ್ರಮಾಣದಲ್ಲಿ ನಾವು ಪ್ರತಿ ಭಾನುವಾರ ಒಪ್ಪಿಕೊಳ್ಳುವುದು ಶರೀರದ ಪುನರುತ್ಥಾನವನ್ನು. ಆದರೆ ಈಗೀಗ ಶವಸಂಸ್ಕಾರದ ಪ್ರಸಂಗಗಳಲ್ಲಿ ಆತ್ಮವು ಪರಲೋಕ ಸೇರಿತು ಎಂಬಲ್ಲಿಗೇ ಮಾತು ಮುಗಿದುಬಿಡುತ್ತದೆ. ದೇಹವನ್ನು ತೊಳೆಯುವುದರಿಂದ ಹಿಡಿದು ಪೆಟ್ಟಿಗೆಗೆ ಇಳಿಸುವುದರವರೆಗೆ ಎಲ್ಲವನ್ನೂ ಹಣ ಕೊಟ್ಟು ಬೇರೆಯವರಿಂದ ಮಾಡಿಸುತ್ತೇವೆ. ಮನೆಯವರು ಅಂಗಳದಲ್ಲಿ ಫೋನ್ ಹಿಡಿದು ನಿಂತಿರುತ್ತಾರೆ. ಇದು ನನಗೆ ನಿಜವಾಗಿಯೂ ನೋವು ತರುತ್ತದೆ. ಎದ್ದುಬಂದ ಸ್ವಾಮಿಯು ಶಿಷ್ಯರಿಗೆ ತೋರಿಸಿದ್ದು ಮೊಳೆಗಳ ಗಾಯವಿದ್ದ ಕೈಗಳನ್ನು. ಅವರು ಭೂತವೆಂದು ಬೆದರಿದಾಗ, ತಿನ್ನಲು ಏನಾದರೂ ಇದೆಯೇ ಎಂದು ಕೇಳಿ, ಸುಟ್ಟ ಮೀನಿನ ತುಂಡನ್ನು ಅವರ ಮುಂದೆಯೇ ತಿಂದನೆಂದು ಲೂಕನು ಹೇಳುತ್ತಾನೆ. ಈ ಮೈಯನ್ನು ದೇವರು ತೊರೆದಿಲ್ಲವೆಂಬ ಸುದ್ದಿಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ತಾನೇ ಹೇಳಬಹುದು?

ಈ ವರ್ಷದ ಈಸ್ಟರ್ ಭಾನುವಾರ, ಏಪ್ರಿಲ್ 5ರ ನಸುಕಿನಲ್ಲಿ ನಾವು ಕೆಲವರು ಮುಂಬಯಿಯ ಶಿವಡಿಯಲ್ಲಿರುವ ಕ್ರೈಸ್ತ ಸ್ಮಶಾನದಲ್ಲಿ ಸೇರಿದೆವು. ವಸಂತದ ಹುಣ್ಣಿಮೆಯನ್ನು ಅನುಸರಿಸಿ ಗೊತ್ತಾಗುವ ಹಬ್ಬವಾದ್ದರಿಂದ ಪುನರುತ್ಥಾನದ ಮುಂಜಾವಿನಲ್ಲಿ ಕ್ಷೀಣಿಸತೊಡಗಿದ ಚಂದ್ರ ಆಕಾಶದಲ್ಲಿ ಇದ್ದೇ ಇರುತ್ತಾನೆ, ಅಂದೂ ಇದ್ದ. ಹಿರಿಯರ ಗೋರಿಗಳ ನಡುವೆ ನಿಂತು ಬೆಳಗನ್ನು ಎದುರುಗೊಳ್ಳುವ ಈ ಪದ್ಧತಿ ಹಳೆಯದು. 1732ರಲ್ಲಿಯೇ ಜರ್ಮನಿಯ ಹೆರ್ನ್‌ಹುಟ್‌ನ ಮೊರಾವಿಯನ್ ಸಭೆಯ ಯುವಕರು ಗುಡ್ಡದ ಸ್ಮಶಾನಕ್ಕೆ ಹೋಗಿ ಸೂರ್ಯೋದಯಕ್ಕೆ ಹಾಡಿದ್ದರು. ಶಿವಡಿಯ ಈ ನೆಲಕ್ಕೆ ಇನ್ನೊಂದು ಚರಿತ್ರೆಯಿದೆ. ಪೌರ ಆಯುಕ್ತ ಆರ್ಥರ್ ಕ್ರಾಫರ್ಡ್ 1865ರಲ್ಲಿ ಸ್ಮಶಾನಕ್ಕೆಂದು ಪಡೆಯುವ ಮೊದಲು ಇದು ಕೃಷಿ ಮತ್ತು ತೋಟಗಾರಿಕೆ ಸಂಘವೊಂದರ ತೋಟವಾಗಿತ್ತು. ಸ್ವಾಮಿಯನ್ನು ಹೂಳಿಟ್ಟ ಸ್ಥಳದಲ್ಲಿಯೂ ತೋಟವಿತ್ತೆಂದು ಯೋಹಾನನು ಎಚ್ಚರದಿಂದ ದಾಖಲಿಸಿದ್ದಾನೆ. ಅಳುತ್ತಿದ್ದ ಮಗ್ದಲದ ಮರಿಯಳು ಸ್ವಾಮಿಯನ್ನು ತೋಟಗಾರನೆಂದು ತಿಳಿದು, ದೇಹವನ್ನು ಎಲ್ಲಿಟ್ಟಿದ್ದೀಯೆಂದು ಹೇಳು, ನಾನು ತೆಗೆದುಕೊಂಡು ಹೋಗುತ್ತೇನೆ ಎನ್ನುತ್ತಾಳೆ. ಒಬ್ಬಳೇ ಹೆಂಗಸು ಒಂದು ಶವವನ್ನು ಹೇಗೆ ಹೊತ್ತಾಳು? ಅವಳಿಗೆ ಅದರ ಯೋಚನೆಯೇ ಇಲ್ಲ. ಆಗ ಆತನು ಅವಳ ಹೆಸರು ಹಿಡಿದು ಕರೆಯುತ್ತಾನೆ.

ಮುಂಬಯಿಯಲ್ಲಿ ಗೋರಿಗೂ ಜಾಗ ಸಾಲದು. ಎಷ್ಟೋ ಕಡೆ ಕೆಲವು ವರ್ಷಗಳ ನಂತರ ಅದೇ ಕುಣಿಯನ್ನು ಇನ್ನೊಬ್ಬರಿಗಾಗಿ ತೆರೆದು, ಮೊದಲಿನವರ ಎಲುಬುಗಳನ್ನು ಗೋಡೆಯ ಗೂಡಿನಲ್ಲಿಡುತ್ತಾರೆ. ನಮ್ಮ ಆಯಿಯೂ ಈಗ ಅಂಥದೊಂದು ಗೂಡಿನಲ್ಲಿದ್ದಾಳೆ. ಅವಳ ಕುಣಿಯನ್ನು ತೆರೆದ ದಿನ ಎಲುಬುಗಳನ್ನು ಎತ್ತಿ ಬಟ್ಟೆಯಲ್ಲಿ ಇಡುವಾಗ ಅಪ್ಪ ಯಾರಿಗೆಂದಿಲ್ಲದೆ, ಹಗೂರಕ, ಹಗೂರಕ ಎನ್ನುತ್ತಿದ್ದರು. ಒಣಗಿದ ಎಲುಬುಗಳು ಬದುಕಬಲ್ಲವೋ ಎಂದು ಯೆಹೆಜ್ಕೇಲನನ್ನು ದೇವರು ಕೇಳಿದಾಗ ಆ ಪ್ರವಾದಿ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಕರ್ತನೇ, ನೀನೇ ಬಲ್ಲೆ ಎಂದನು. ಗೂಡಿನ ಕಲ್ಲಿಗೆ ಹಣೆ ತಾಗಿಸಿದಾಗ ನನ್ನ ಬಾಯಿಗೆ ಬಂದದ್ದೂ ಅಷ್ಟೇ ಮಾತು, ಮತ್ತು ಅದನ್ನು ನಾನು ಪೂರ್ಣ ಭರವಸೆಯಿಂದ ನುಡಿದೆ. ಸಭಾಪಾಲಕರು “ಕ್ರಿಸ್ತನು ಎದ್ದಿದ್ದಾನೆ” ಎಂದಾಗ “ನಿಜವಾಗಿಯೂ ಎದ್ದಿದ್ದಾನೆ” ಎಂದು ಉತ್ತರ ಕೊಟ್ಟವರು ನಾವು ಕೆಲವೇ ಮಂದಿ.

ಶುಭ ಶುಕ್ರವಾರದ ಮೂರು ತಾಸಿನ ಆರಾಧನೆಗೆ ಕುರ್ಚಿಗಳು ಸಾಲದೆ ಜನ ಮೆಟ್ಟಿಲುಗಳ ಮೇಲೆ ಕುಳಿತಿದ್ದರು. ಭಾನುವಾರ ಮಧ್ಯಾಹ್ನದ ಬಿರಿಯಾನಿಯೊಂದಿಗೆ ಎಷ್ಟೋ ಮನೆಗಳಲ್ಲಿ ಹಬ್ಬ ಮುಗಿಯಿತು. ಹಬ್ಬಕ್ಕೆ ಮೊದಲಿನ ಶ್ರಮದಿನಗಳು 40 ಆದರೆ, ಪುನರುತ್ಥಾನದ ಕಾಲ ಪವಿತ್ರಾತ್ಮನು ಇಳಿದುಬಂದುದನ್ನು ನೆನೆಯುವ ಪಂಚಾಶತ್ತಮದ ಹಬ್ಬದವರೆಗೆ 50 ದಿನಗಳು. ಉಪವಾಸಕ್ಕಿಂತ ಸಂತೋಷದ ದಿನಗಳನ್ನೇ ಸಭೆಯ ಹಿರಿಯರು ದೀರ್ಘವಾಗಿ ಇಟ್ಟಿದ್ದಾರೆ. ಆ ದಿನಗಳಲ್ಲಿ ಆಯಿ ಸಂಜೆಯ ಪ್ರಾರ್ಥನೆಯಲ್ಲಿ ಶ್ರಮೆಯ ಹಾಡುಗಳನ್ನು ಹಾಡಲು ಬಿಡುತ್ತಿರಲಿಲ್ಲ.

ಮುಂದಿನ ಭಾನುವಾರ, ಸ್ವಾಮಿ ಎದ್ದದ್ದನ್ನು ಕಾಣದೆ ನಂಬೆನೆಂದ ಶಿಷ್ಯ ತೋಮನ ಪಾಠ. ಅದನ್ನು ಓದುವ ಸರದಿ ನಮ್ಮ ಮನೆಯವರದು, ಓದುವವಳು ನನ್ನ ಮಗಳು. ಗಾಯದಲ್ಲಿ ಬೆರಳಿಡು ಎಂದು ಸ್ವಾಮಿಯು ಕರೆಯುವ ಮಾತಿನಲ್ಲಿ ಅವಸರ ಮಾಡಬಾರದೆಂದು ಅವಳಿಗೆ ಹೇಳಿದ್ದೇನೆ. ಆರಾಧನೆಯ ನಂತರ ಸಭೆಯ ಹಿರಿಯ ತಾಯಂದಿರಿಬ್ಬರು, ಮೃತದೇಹವನ್ನು ಸಿದ್ಧಗೊಳಿಸುವ ಸೇವೆಯನ್ನು ಕಲಿಯಲು ಒಪ್ಪುವ ಹೆಣ್ಣುಮಕ್ಕಳ ಹೆಸರುಗಳನ್ನು ಬರೆದುಕೊಳ್ಳಲಿದ್ದಾರೆ.