ಆಲಿಕಲ್ಲಿನ ಪಾಲು

ನಮ್ಮ ಅಪಾರ್ಟ್‌ಮೆಂಟ್ ಸಂಘದಿಂದ ಶನಿವಾರ ಬಂದ ಕಾಗದ ಇನ್ನೂ ಫ್ರಿಜ್ ಬಾಗಿಲ ಮೇಲೆ ಮ್ಯಾಗ್ನೆಟ್‌ ಅಡಿಯಲ್ಲಿದೆ. ಪ್ರತಿ ಮನೆಗೂ 5,000 ಡಾಲರ್, 60 ದಿನದೊಳಗೆ ಕಟ್ಟಬೇಕು. ಏಪ್ರಿಲ್‌ನಲ್ಲಿ ಸುರಿದ ಆಲಿಕಲ್ಲಿನ ಲೆಕ್ಕ ಆಗಸ್ಟ್‌ನಲ್ಲಿ ಬಂದಿದೆ.

ಡಲ್ಲಾಸ್ ಕಡೆ ಇರೋರಿಗೆ ಇದು ಹೊಸದಲ್ಲ. ಮಾರ್ಚ್‌ನಿಂದ ಮೇ ತನಕ ಸಂಜೆ ಹೊತ್ತು ಮೋಡ ಹಸಿರು ತಿರುಗಿತು ಅಂದ್ರೆ ಸಾಕು, ಕಾರು ಒಳಗೆ ಹಾಕೋಕೆ ಓಡ್ತೀವಿ. ಆ ದಿನ ಹತ್ತು ಹನ್ನೆರಡು ನಿಮಿಷ, ದೊಡ್ಡ ನಿಂಬೆಹಣ್ಣಿನ ಗಾತ್ರದ್ದು. ಮಗಳು ಮೂರು ಕಲ್ಲು ಆಯ್ದು ಸ್ಟೀಲ್ ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಟ್ಟಳು. ಆಮೇಲೆ ಅವಳ ಕೋಣೆಯ ಸೀಲಿಂಗ್‌ನಲ್ಲಿ ಒಂದು ತಟ್ಟೆಯಗಲದ ಚಹಾ ಬಣ್ಣದ ಕಲೆ ಮೂಡಿತು. ಆ ಕಲೆ ರಿಪೇರಿಗೆ 1,400 ಡಾಲರ್. ನನ್ನ ಸ್ವಂತ ಪಾಲಿಸಿ ಕೊಟ್ಟಿದ್ದು 400, ಮೊದಲ ಸಾವಿರ ನನ್ನದೇ. ವಿಮೆ ಕಂಪನಿ ಕೊಡೋಕೆ ಮುಂಚೆ ನಾವೇ ಹೊರಬೇಕಾದ ಈ ಪಾಲಿಗೆ ‘ಡಿಡಕ್ಟಿಬಲ್’ ಅಂತಾರೆ. ಅಲ್ಲಿಗೆ ಮುಗೀತು ಅಂದುಕೊಂಡಿದ್ದೆ.

ಕಾಂಡೋ, ಅಂದ್ರೆ ನಮ್ಮ ಕಡೆಯ ಫ್ಲಾಟ್ ಥರದ್ದು, ಕೊಂಡವರಿಗೆ ಗೊತ್ತು, ತಲೆ ಮೇಲಿನ ಮಾಡು ನಮ್ಮದಲ್ಲ. ಗೋಡೆಯ ಒಳಗಿನ ಬಣ್ಣ, ಕಾರ್ಪೆಟ್, ಅಡುಗೆಮನೆ ಕಪಾಟು ನಮ್ಮದು, ಅದಕ್ಕೆ ನಾವು ಎಚ್‌ಓ-6 ಪಾಲಿಸಿ ಮಾಡಿಸ್ತೀವಿ. ಹೊರಗಿನದೆಲ್ಲ ಅಸೋಸಿಯೇಷನ್ನಿನದು, ಅಂದ್ರೆ ಮನೆಯವರೆಲ್ಲ ಸೇರಿದ ಸಂಘದ್ದು, ಅದಕ್ಕೆ ಬೇರೆ ಮಾಸ್ಟರ್ ಪಾಲಿಸಿ. ಮಳೆ ನಿಂತ ಮರುದಿನವೇ ಬಾಗಿಲು ತಟ್ಟಿದ ರೂಫಿಂಗ್ ಹುಡುಗನಿಗೂ ಇದನ್ನೇ ಹೇಳಿದೆ. ‘ಪರವಾಗಿಲ್ಲ, ನಿಮ್ಮ ಬೋರ್ಡ್‌ನವರ ನಂಬರ್ ಕೊಡಿ, ಡಿಡಕ್ಟಿಬಲ್ ನಾವೇ ನುಂಗ್ಕೋತೀವಿ’ ಅಂದ. ಹಾಗೆ ನುಂಗೋದು 2019ರ ಸೆಪ್ಟೆಂಬರ್‌ನಿಂದ ಟೆಕ್ಸಸ್‌ನಲ್ಲಿ ಅಪರಾಧ. ಅವನಿಗೂ ಗೊತ್ತಿತ್ತು ಅಂತ ಕಾಣುತ್ತೆ, ಹೇಳುವಾಗ ದನಿ ಸ್ವಲ್ಪ ಇಳಿಸಿದ.

ಮಂಗಳವಾರ ರಾತ್ರಿ ಜೂಮ್ ಸಭೆ. ಎಂಬತ್ತನಾಲ್ಕು ಮನೆಗಳಲ್ಲಿ ಯಾವತ್ತೂ ಹತ್ತು ಹನ್ನೊಂದು ಜನ ಸೇರೋ ಜಾಗದಲ್ಲಿ ಎಪ್ಪತ್ತು ಚೌಕ. ಖಜಾಂಚಿ ನಿವೃತ್ತ ಶಾಲಾ ಟೀಚರ್. ನಾಯಿ ಸರಪಳಿ ಎಷ್ಟು ಅಡಿ ಉದ್ದ ಇರಬೇಕು ಅಂತ ನೋಟಿಸ್ ಹಚ್ಚೋ ಹೆಂಗಸು, ನನಗೆ ಮೊದಲಿಂದ ಅಷ್ಟಕ್ಕಷ್ಟೆ. ಆಕೆ ಲೆಕ್ಕ ಹಾಕಿ ತೋರಿಸಿದರು. ಹನ್ನೆರಡು ಕಟ್ಟಡಗಳ ಮಾಡು, ಗಟರ್ ಸೇರಿ ರಿಪೇರಿಗೆ 6,30,000. ಡಿಡಕ್ಟಿಬಲ್ 4,20,000. ಕಂಪನಿ ಕೊಡೋದು ಮಿಕ್ಕ 2,10,000. ಮೀಸಲು ನಿಧಿ ಹೋದ ವರ್ಷ ಪಾರ್ಕಿಂಗ್ ಡಾಂಬರಿಗೆ ಹೋಗಿದೆ.

ನಾನು ಮೈಕ್ ಆನ್ ಮಾಡಿದೆ. ‘ಡಿಡಕ್ಟಿಬಲ್ ಶೇ. 2 ಅಂತ ಅಲ್ವಾ ಹೇಳಿದ್ದು? ಶೇ. 2 ಅಂದ್ರೆ 12,600. ಮನೆಗೆ ನೂರೈವತ್ತು ಡಾಲರ್.’

ಆಕೆ ಕನ್ನಡಕ ತೆಗೆದರು. ‘ನಷ್ಟದ ಶೇ. 2 ಅಲ್ಲ. ಕಟ್ಟಡಗಳ ವಿಮೆ ಮೊತ್ತದ ಶೇ. 2. ಎರಡು ಕೋಟಿ ಹತ್ತು ಲಕ್ಷದ ಶೇ. 2. ಗಾಳಿ, ಆಲಿಕಲ್ಲಿಗೆ ಇಲ್ಲಿ ಹೀಗೇ. ನಾನು ಕಳಿಸಿದ ಇಮೇಲ್‌ನಲ್ಲಿ ಇತ್ತು. ನೀವು ಓದಿದ್ರಾ?’

ಎಪ್ಪತ್ತು ಚೌಕಗಳೂ ಗಪ್‌ಚುಪ್. ನಾನು ಮೈಕ್ ಆಫ್ ಮಾಡಿದೆ.

ಬುಧವಾರ ಬೆಳಿಗ್ಗೆ ನನ್ನ ಏಜೆಂಟ್‌ಗೆ ಫೋನ್ ಹಚ್ಚಿದೆ. ನಮ್ಮ ಹಾಸನದ ಹುಡುಗ. ಯುಗಾದಿ ಕಾರ್ಯಕ್ರಮದಲ್ಲಿ ಬೇವುಬೆಲ್ಲದ ಪಕ್ಕದಲ್ಲೇ ಟೇಬಲ್ ಹಾಕಿ ಕ್ಯಾಲೆಂಡರ್ ಹಂಚ್ತಾನೆ. ಒಳ್ಳೆಯವನೇ, ಮಾತು ಸ್ವಲ್ಪ ಜಾಸ್ತಿ. ಹೀಗೆ ಎಲ್ಲರ ಮೇಲೂ ಹಂಚಿದ ಖರ್ಚಿಗೆ ಅಂತಲೇ ‘ಲಾಸ್ ಅಸೆಸ್‌ಮೆಂಟ್’ ಕವರೇಜನ್ನು 25,000ಕ್ಕೆ ಏರಿಸಿ ಕೊಟ್ಟಿದ್ದು ಅವನೇ. ‘ವರ್ಷಕ್ಕೆ ಒಂದು ಊಟದ ದುಡ್ಡು ಅಣ್ಣಾ’ ಅಂದಿದ್ದ. ಧೈರ್ಯವಾಗಿ ಕೇಳಿದೆ.

‘ಅಣ್ಣಾ, ಇಪ್ಪತ್ತೈದು ಸಾವಿರ ಇರೋದು ನಿಜ. ಆದ್ರೆ ಇದು ಡಿಡಕ್ಟಿಬಲ್ ಪಾಲು. ಅದಕ್ಕೆ ಸಾವಿರ ಅಷ್ಟೇ.’

‘ಮತ್ತೆ ಇಪ್ಪತ್ತೈದು ಸಾವಿರ ಯಾವುದಕ್ಕೆ?’

‘ಈಗ ನೋಡಿ, ನಿಮ್ಮ ಈಜುಕೊಳದಲ್ಲಿ ಯಾರೋ ಬಿದ್ದು, ಕೋರ್ಟಿಗೆ ಹೋಗಿ, ಅಸೋಸಿಯೇಷನ್ ಪಾಲಿಸಿ ಮಿತಿಗಿಂತ ಜಾಸ್ತಿ ಪರಿಹಾರ ಕೊಡಬೇಕು ಅಂತಾದ್ರೆ, ಆಗ.’

ಈಜುಕೊಳದಲ್ಲಿ ಯಾರಾದರೂ ಬೀಳಲಿ ಅಂತ ಕಾಯೋಕಾಗುತ್ತಾ? ಪಾಲಿಸಿ ತೆಗೆದು ನೋಡಿದೆ, ಇದೆ. ಚಿಕ್ಕ ಅಕ್ಷರದಲ್ಲಿ ಒಂದೇ ವಾಕ್ಯ: ಸಂಘದ ವಿಮೆಯ ಡಿಡಕ್ಟಿಬಲ್‌ನಿಂದ ಬಂದ ಪಾಲಿಗೆ 1,000 ಮೀರಿ ಕೊಡುವುದಿಲ್ಲ. ಇದು ಅವನೊಬ್ಬನ ಕಂಪನಿಯ ಕಿತಾಪತಿ ಅಲ್ಲ, ಇಲ್ಲಿನ ಎಷ್ಟೋ ಪಾಲಿಸಿಗಳಲ್ಲಿ ಇದೇ ವಾಕ್ಯ ಇರುತ್ತೆ. ಈ ಮಿತಿಯನ್ನೂ ಏರಿಸಿ ಕೊಡೋ ಕಂಪನಿಗಳು ಕೆಲವು ಇವೆಯಂತೆ. ‘ನಾವು ಕೊಡಲ್ಲ ಅಣ್ಣಾ’ ಅಂದ, ಪಾಪ, ಸಣ್ಣ ದನಿಯಲ್ಲಿ.

ಅದು ಡಿಡಕ್ಟಿಬಲ್ ಪಾಲು, ಅದಕ್ಕೆ ಸಾವಿರ ಅಷ್ಟೇ. ಸ್ನಾನ ಮಾಡುವಾಗ, ಗಾಡಿ ಓಡಿಸುವಾಗ, ಆಫೀಸಿನ ಮೀಟಿಂಗ್ ಮಧ್ಯೆ ಇದೇ ಮಾತು. ನನ್ನ ಜೇಬಿನಿಂದ ಹೋದದ್ದು ನನಗೆ ನಷ್ಟ ಅಲ್ಲದೆ ಮತ್ತೇನು? ಖಜಾಂಚಿಯ ಬಾಯಲ್ಲೂ ‘ನಷ್ಟದ್ದಲ್ಲ’, ಇವನ ಬಾಯಲ್ಲೂ ಹೆಚ್ಚುಕಡಿಮೆ ಅದೇ. ‘ಲಾಸ್’ ಅನ್ನೋ ಆ ಪದದ ಮೇಲೆ ನಂಬಿಕೆ ಇಟ್ಟು ಸಹಿ ಹಾಕಿದವನು ನಾನೊಬ್ಬನೇನಾ?

ಅಮ್ಮನಿಗೆ ಹೇಳಬಾರದಿತ್ತು, ಹೇಳಿದೆ. ತೀರ್ಥಹಳ್ಳಿಯಿಂದ ಒಂದೇ ಪ್ರಶ್ನೆ: ‘ನಿನ್ನ ತಲೆ ಮೇಲಿನ ಮಾಡು ಒಡೆದ್ರೆ ನೀನು ಕೊಡು. ಆ ಕಡೆ ಮನೆಯೋರದ್ದಕ್ಕೂ ನೀನೆಂತಕ್ಕೆ ಕೊಡೂದು ಮಾರಾಯ?’ ನನಗೆ ನಗು ಬಂತು. ನಮ್ಮ ಮನೆ ಹೆಂಚು ಗಾಳಿಗೆ ಹಾರಿದಾಗ ಆಚೆ ಮನೆಯವರು ಹೆಂಚು ಹೊತ್ತು ತಂದು ಮಾಡು ಹತ್ತಿದ್ದು ಅಮ್ಮನಿಗೆ ಮರೆತಿಲ್ಲ, ಆ ಉಪಕಾರವನ್ನು ಈಗಲೂ ಹೇಳ್ತಿರ್ತಾಳೆ. ಅದಕ್ಕೆ ಯಾರೂ ಕಾಗದ ಕಳಿಸಿರಲಿಲ್ಲ, ಅಷ್ಟೇ ವ್ಯತ್ಯಾಸ.

ನಿನ್ನೆ ರಾತ್ರಿ ಹಳೇ ಇಮೇಲ್ ಹುಡುಕಿದೆ. ಸಿಕ್ಕಿತು. ಹೋದ ವರ್ಷಕ್ಕೂ ಹಿಂದಿನ ಡಿಸೆಂಬರ್‌ನದ್ದು. ಡಿಡಕ್ಟಿಬಲ್ ಶೇ. 1ರಲ್ಲೇ ಉಳಿಸಿಕೊಂಡರೆ ಮನೆಗೆ ತಿಂಗಳಿಗೆ 38 ಡಾಲರ್ ಹೆಚ್ಚಿಗೆ ಬೀಳುತ್ತೆ, ಶೇ. 2ಕ್ಕೆ ಹೋದರೆ ಇಲ್ಲ, ನಿಮ್ಮ ಅಭಿಪ್ರಾಯ ತಿಳಿಸಿ. ಕೆಳಗೆ ಕೆಂಪಕ್ಷರದಲ್ಲಿ, ಟೀಚರ್ ಅಲ್ವಾ, ‘ಇದು ವಿಮೆ ಮೊತ್ತದ ಮೇಲಿನ ಶೇಕಡಾ’ ಅಂತ ಅಡಿಗೆರೆ ಹಾಕಿ ಬರೆದಿದ್ದರು. ಅದರ ಕೆಳಗೆ ನನ್ನ ಉತ್ತರ, ಮೂರು ನಿಮಿಷದಲ್ಲಿ ಕಳಿಸಿದ್ದು: ‘ಶೇ. 2 ಸಾಕು. ಧನ್ಯವಾದ.’

ಜನವರಿಯಿಂದ ಆ ಏಪ್ರಿಲ್ ತನಕ ಹದಿನಾರು ತಿಂಗಳು, ಉಳಿಸಿದ್ದು 608 ಡಾಲರ್. ಶೇ. 1 ಇದ್ದಿದ್ದರೆ ಪಾಲು 2,500ಕ್ಕೆ ನಿಲ್ಲುತ್ತಿತ್ತು. ಹೆಂಡತಿಗೆ ಮೊದಲನೇ ಲೆಕ್ಕ ಹೇಳಿದೆ, ಎರಡನೇದು ಹೇಳಿಲ್ಲ.

ಇವತ್ತು ಬೆಳಿಗ್ಗೆ ಖಜಾಂಚಿ ಮುಂದಿನ ವರ್ಷದ ಪಾಲಿಸಿ ಕಳಿಸಿದ್ದಾರೆ, 46 ಪುಟ. ಚೆಕ್ ಬರೆದಿಟ್ಟು ಓದೋಕೆ ಕೂತಿದ್ದೇನೆ, ಹತ್ತೊಂಬತ್ತನೇ ಪುಟ. ‘ರೀ, ಐಸ್‌ಕ್ರೀಮ್ ಇಡೋಕೆ ಜಾಗ ಇಲ್ಲ, ಈ ಡಬ್ಬಿ ಚೆಲ್ಲಲಾ?’ ಅಂತ ಅಡುಗೆಮನೆಯಿಂದ ಕೇಳ್ತಿದ್ದಾಳೆ. ಬೇಡ, ಇರಲಿ ಅಂದೆ.