ಪರ್ಸೆಂಟೇಜ್ ಇಳಿಸಿಕೊಡ್ತೀರಾ, ಮೇಡಂ?

ಇಲ್ಲ, ಇಳಿಸಿಕೊಡುವುದಿಲ್ಲ. ಅರ್ಜೆಂಟ್ ಇರುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಉಳಿದವರಿಗೆ ಸ್ವಲ್ಪ ವಿವರ. ನನ್ನದು ಯೂನಿವರ್ಸಿಟಿ ಗೇಟಿನ ಎದುರಿನ ಡಿಟಿಪಿ ಅಂಗಡಿ. ಯಾವ ಊರು ಅಂತ ಹೇಳುವುದಿಲ್ಲ. ಹೇಳಿದರೆ ಇಲ್ಲಿನ ಪಿಎಚ್‌ಡಿ ಗೈಡ್‌ಗಳೆಲ್ಲ ಇದು ತಮ್ಮ ಬಗ್ಗೆಯೇ ಬರೆದದ್ದು ಅಂದುಕೊಳ್ಳುತ್ತಾರೆ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷಿನ್, ಸ್ಪೈರಲ್ ಬೈಂಡಿಂಗ್ ಮಾಡುವ ಒಂದು ಹಳೇ ಯಂತ್ರ, ಜೊತೆಗೆ ನಾನು. ಹತ್ತೊಂಬತ್ತು ವರ್ಷದಿಂದ ಪಿಎಚ್‌ಡಿ ಥೀಸಿಸ್ ಟೈಪ್ ಮಾಡುತ್ತಿದ್ದೇನೆ. ಫಿಸಿಕ್ಸ್, ಎಂಜಿನಿಯರಿಂಗ್, ಮಾರ್ಕೆಟಿಂಗ್, ಬಿ.ಎಡ್. ಕಾಲೇಜಿನ ಮೇಷ್ಟ್ರುಗಳದ್ದು, ಎಲ್ಲವೂ ಬರುತ್ತವೆ. ಗಣಿತದವರು ಮಾತ್ರ ಈಗ ಲೇಟೆಕ್ ಎಂಬ ಸಾಫ್ಟ್‌ವೇರ್‌ನಲ್ಲಿ ತಾವೇ ಟೈಪ್ ಮಾಡಿಕೊಂಡು, ಬರೀ ಪ್ರಿಂಟ್‌ಗೆ ಬರುತ್ತಾರೆ. ಬಂದು ನನ್ನ ಪ್ರಿಂಟರಿನ ಮಾರ್ಜಿನ್ ಬಗ್ಗೆ ತಕರಾರು ಮಾಡುತ್ತಾರೆ.

ಮೊದಲೆಲ್ಲ ಎಲ್ಲರೂ ಕೇಳುತ್ತಿದ್ದದ್ದು ಒಂದೇ, 'ನಾಳೆಗೆ ಆಗುತ್ತಾ?' 2018ರಲ್ಲಿ ಯೂನಿವರ್ಸಿಟಿಗಳಿಗೆಲ್ಲ ನಿಯಮ ಮಾಡುವ ಯುಜಿಸಿ ಕೃತಿಚೌರ್ಯದ ನಿಯಮ ತಂದಿತು. ಥೀಸಿಸ್ಸನ್ನು ಸಾಫ್ಟ್‌ವೇರ್‌ಗೆ ಹಾಕಿ, ಬೇರೆ ಬರಹಗಳ ಜೊತೆ ಎಷ್ಟು ತಾಳೆ ಬೀಳುತ್ತದೆ ಅಂತ ನೋಡುವುದು. ಶೇ 10ರವರೆಗೆ ತೊಂದರೆ ಇಲ್ಲ. 10 ದಾಟಿ 40ರೊಳಗಿದ್ದರೆ ಆರು ತಿಂಗಳೊಳಗೆ ತಿದ್ದಿ ತರಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ. 60 ದಾಟಿದರೆ ರಿಜಿಸ್ಟ್ರೇಷನ್ನೇ ರದ್ದು. ಅಂದಿನಿಂದ ನನ್ನ ಅಂಗಡಿಗೆ ಬರುವ ಪ್ರಶ್ನೆ ಬದಲಾಯಿತು.

ಪ್ರಶ್ನೆಗಿಂತ ಜಾಸ್ತಿ ಸಿಟ್ಟು ಬರಿಸುವುದು 'ಇಳಿಸಿ' ಎಂಬ ಮಾತು. ಬಿಪಿ ಇಳಿಸಿದ ಹಾಗೆ, ಜ್ವರ ಇಳಿಸಿದ ಹಾಗೆ. 'ಎಷ್ಟಿದೆ?' ಅಂದರೆ 'ಮೂವತ್ನಾಲ್ಕು ಮೇಡಂ' ಅನ್ನುತ್ತಾರೆ, ಶುಗರ್ ರಿಪೋರ್ಟ್ ಹಿಡಿದು ಬಂದವರ ಮುಖದಲ್ಲಿ. ಎಲ್ಲಿಂದ ಬಂತು ಮೂವತ್ನಾಲ್ಕು ಅಂತ ಕೇಳಿದರೆ ಗೊತ್ತಿಲ್ಲ. ರಿಪೋರ್ಟ್‌ನಲ್ಲಿ ಪುಟಪುಟಕ್ಕೂ ಬಣ್ಣ ಬಳಿದು ತೋರಿಸಿರುತ್ತಾರೆ, ಅದನ್ನು ತೆರೆದೇ ನೋಡಿರುವುದಿಲ್ಲ. ಮೊದಲ ಪುಟದ ನಂಬರ್ ನೋಡಿ ನೇರ ನನ್ನ ಹತ್ತಿರ ಬಂದಿರುತ್ತಾರೆ.

ಇನ್ನು ತಾವೇ ಇಳಿಸಿಕೊಂಡು ಬರುವವರು. ಪದಕ್ಕೆ ಪದ ಬದಲಿಸಿಕೊಡುವ ಸಾಫ್ಟ್‌ವೇರ್‌ಗಳಿವೆ. ಫಿಸಿಕ್ಸ್ ಹುಡುಗನೊಬ್ಬನ ಅಧ್ಯಾಯದಲ್ಲಿ ಫ್ರೀ ಎಲೆಕ್ಟ್ರಾನ್ ಹೋಗಿ 'ಕಾಂಪ್ಲಿಮೆಂಟರಿ ಎಲೆಕ್ಟ್ರಾನ್' ಆಗಿತ್ತು, ಹೋಟೆಲ್ ರೂಮಿನ ಜೊತೆ ತಿಂಡಿ ಕೊಡುತ್ತಾರಲ್ಲ, ಹಾಗೆ. ಮಾರ್ಕೆಟಿಂಗ್‌ನವರ ಬ್ರ್ಯಾಂಡ್ ಲಾಯಲ್ಟಿ 'ಟ್ರೇಡ್‌ಮಾರ್ಕ್ ಫೇತ್‌ಫುಲ್‌ನೆಸ್' ಆಗಿತ್ತು. ನಮ್ಮೂರಿನ ಹುಚ್ಚು ಮಾತ್ರ ಅಲ್ಲ ಇದು. ಫ್ರಾನ್ಸಿನ ಟುಲೂಸ್‌ನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬಾನಕ್ ಮತ್ತು ಜೊತೆಗಾರರು 2021ರಲ್ಲಿ, ಅಚ್ಚಾಗಿರುವ ಪೇಪರ್‌ಗಳಿಂದಲೇ ಇಂಥವನ್ನು ಹೆಕ್ಕಿ ಪಟ್ಟಿ ಮಾಡಿದರು. ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಅನ್ನುವುದು 'ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್' ಆಗಿತ್ತಂತೆ. ಖೋಟಾ ಪ್ರಜ್ಞೆ! ಇವಕ್ಕೆ ಅವರಿಟ್ಟ ಹೆಸರು 'ಟಾರ್ಚರ್ಡ್ ಫ್ರೇಸಸ್'. ಹೊಡೆತ ತಿಂದ ಪದಗಳು. ಆ ಹೊಡೆತ ನಾನು ದಿನಾ ನೋಡುತ್ತೇನೆ.

ನಾನೇನೂ ಸಾಚಾ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಶುರುವಿನಲ್ಲಿ ಒಮ್ಮೆ ಇಳಿಸಿಕೊಟ್ಟಿದ್ದೇನೆ. ಎಂಜಿನಿಯರಿಂಗ್ ಹುಡುಗ, ಕೆಲಸ ಹೋಗುತ್ತೆ ಅಂತ ಅತ್ತುಬಿಟ್ಟ. ಪದಗಳ ನಡುವಿನ ಖಾಲಿ ಜಾಗದಲ್ಲೆಲ್ಲ ಬಿಳಿ ಬಣ್ಣದ ಅಕ್ಷರ ತುಂಬಿದೆ. ಕಣ್ಣಿಗೆ ಕಾಣದು, ಸಾಫ್ಟ್‌ವೇರ್‌ಗೆ ಪದಗಳೆಲ್ಲ ಅಂಟಿಕೊಂಡು ಗೋಜಲು. ಲೈಬ್ರರಿಯವರು ಪುಟ ಪೂರ್ತಿ ಸೆಲೆಕ್ಟ್ ಮಾಡಿ ಕಪ್ಪು ಬಣ್ಣ ಕೊಟ್ಟರು, ಅಷ್ಟೇ. ಹುಡುಗ ನನ್ನ ಹೆಸರು ಹೇಳಲಿಲ್ಲ. ನಾನು ಎರಡು ದಿನ ಶಟರ್ ಅರ್ಧ ಎಳೆದುಕೊಂಡು ಕೂತಿದ್ದೆ.

ಹಾಗಂತ ತಾಳೆ ಬಿದ್ದದ್ದೆಲ್ಲ ಕಳ್ಳತನವೂ ಅಲ್ಲ. ನಂಬರ್ ನೋಡಿ ಡಿಪಾರ್ಟ್‌ಮೆಂಟ್ ಹೇಳಬಲ್ಲೆ ನಾನು. 1.5406 ಇದ್ದರೆ ಫಿಸಿಕ್ಸ್. ನ್ಯಾನೋ ಪುಡಿ ಮಾಡಿದವರೆಲ್ಲ ಅದನ್ನು ಎಕ್ಸ್‌ರೇ ಕೆಳಗೆ ಇಡುತ್ತಾರೆ, ಆ ನಂಬರ್ ತಾಮ್ರದಿಂದ ಬರುವ ಎಕ್ಸ್‌ರೇಯ ತರಂಗದ ಉದ್ದ, ಆಂಗ್‌ಸ್ಟ್ರಾಮ್ ಎಂಬ ಅತಿ ಸಣ್ಣ ಅಳತೆಯಲ್ಲಿ. 7 ದಿನ, 28 ದಿನ ಅಂತಿದ್ದರೆ ಸಿವಿಲ್, ಕಾಂಕ್ರೀಟ್ ಕ್ಯೂಬನ್ನು ನೀರಲ್ಲಿಟ್ಟು ಒಡೆದು ನೋಡುವ ಲೆಕ್ಕ. 384 ಇದ್ದರೆ ಕಣ್ಣುಮುಚ್ಚಿ ಮಾರ್ಕೆಟಿಂಗ್. ಕ್ರೆಜ್ಸಿ ಮತ್ತು ಮಾರ್ಗನ್ ಎಂಬಿಬ್ಬರು 1970ರಲ್ಲಿ ಒಂದು ಟೇಬಲ್ ಕೊಟ್ಟರು. ಎಷ್ಟು ಜನರಿರುವ ಗುಂಪಿಗೆ ಎಷ್ಟು ಜನರನ್ನು ಕೇಳಿದರೆ ಸಾಕು ಅಂತ. ಹತ್ತು ಲಕ್ಷಕ್ಕೆ 384. ಕೋಲಾರದಲ್ಲಿ ಟೂತ್‌ಪೇಸ್ಟ್ ಕೊಳ್ಳುವವರಾಗಲಿ, ಕಲಬುರಗಿಯಲ್ಲಿ ಮೊಬೈಲ್ ಕೊಳ್ಳುವವರಾಗಲಿ, 384 ಜನ. ತಾಮ್ರದ ಎಕ್ಸ್‌ರೇ ಬಗ್ಗೆ ಸ್ವಂತ ನಂಬರ್ ಬರೆಯೋಕಾಗುತ್ತಾ? ಸಾಮಾನ್ಯ ಸಮೀಕರಣ, ಚಿಹ್ನೆ, ಉಲ್ಲೇಖ ಪಟ್ಟಿ ಇವನ್ನೆಲ್ಲ ಲೆಕ್ಕದಿಂದ ಬಿಡಿ ಅಂತ ನಿಯಮದಲ್ಲೇ ಇದೆ. ಎಲ್ಲರಿಗೂ ಗೊತ್ತಿರುವ ಮಾತಾದರೆ ಸತತ 14 ಪದದವರೆಗೂ ವಿನಾಯಿತಿ. ಇದನ್ನು ಓದಿಕೊಂಡು, ಪ್ರತಿ ಹದಿಮೂರನೇ ಪದ ಬದಲಿಸಿ ಕೊಡಿ ಅಂತ ಬಂದವರೂ ಇದ್ದಾರೆ. ಅಷ್ಟು ಶ್ರದ್ಧೆಯನ್ನು ಥೀಸಿಸ್ ಮೇಲೇ ಇಟ್ಟಿದ್ದರೆ ಆಗುತ್ತಿರಲಿಲ್ವಾ?

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. 'ಟೈಪ್ ಮಾಡ್ತಾ ಓದ್ತೀರಾ ಮೇಡಂ? ಯಾವುದು ಚೆನ್ನಾಗಿತ್ತು?' ಕೇಳಿದರೆ ಅಂಗಡಿ ಮುಚ್ಚುವವರೆಗೂ ಹೇಳುತ್ತೇನೆ. ಗಣಿತದ್ದೊಂದು. ಊರಿನ ಕೆಲವು ಸರ್ಕಲ್‌ಗಳಲ್ಲಿ ಪೊಲೀಸರನ್ನು ನಿಲ್ಲಿಸಬೇಕು. ಸರ್ಕಲ್‌ನಲ್ಲಿ ಪೊಲೀಸ್ ಇರಬೇಕು, ಇಲ್ಲಾಂದ್ರೆ ಪಕ್ಕದ ಸರ್ಕಲ್‌ನಲ್ಲಾದರೂ ಒಬ್ಬ ಇರಬೇಕು. ಕಡಿಮೆ ಅಂದರೆ ಎಷ್ಟು ಪೊಲೀಸರು ಸಾಕು? ಇದಕ್ಕೆ ಡಾಮಿನೇಷನ್ ನಂಬರ್ ಅನ್ನುತ್ತಾರೆ, ಬರೆಯುವುದು ಗಾಮಾ ಎಂಬ ಗ್ರೀಕ್ ಅಕ್ಷರದಲ್ಲಿ. ಇದೇ ಲೆಕ್ಕದಲ್ಲಿ ಚೆಸ್ ಬೋರ್ಡಿನ 64 ಮನೆ ಕಾಯಲು ಐದು ರಾಣಿಯರು ಸಾಕು. ನಮ್ಮ ಕರ್ನಾಟಕದ ಗಣಿತಜ್ಞರಾದ ಇ. ಸಂಪತ್‌ಕುಮಾರ್ ಮತ್ತು ಎಚ್. ಬಿ. ವಾಲಿಕಾರ್ 1979ರಲ್ಲಿ ಇದಕ್ಕೊಂದು ಷರತ್ತು ಸೇರಿಸಿದರು, ಪೊಲೀಸರು ನಿಂತ ಸರ್ಕಲ್‌ಗಳೂ ಒಂದಕ್ಕೊಂದು ಕೊಂಡಿಯಾಗಿರಬೇಕು ಅಂತ. ಈಗ ಎಷ್ಟು ಬೇಕು? ಗಾಮಾ ಅಕ್ಷರ ಹೊಡೆದು ಹೊಡೆದು ಬೆರಳು ನೋಯುತ್ತಿದ್ದ ಕಾಲದಲ್ಲಿ, ಇದು ತಲೆಗೆ ಹೋದ ದಿನ ಬಸ್ಸಿನಲ್ಲಿ ಮನೆವರೆಗೂ ಸರ್ಕಲ್ ಎಣಿಸಿಕೊಂಡು ಹೋಗಿದ್ದೆ.

ಅದಕ್ಕಿಂತ ಚೆನ್ನಾಗಿದ್ದದ್ದು ಒಬ್ಬ ಮೇಷ್ಟ್ರ ಥೀಸಿಸ್. ಶಿಕ್ಷಕರಿಗೆ ತರಬೇತಿ ಕೊಡುವ ಕಾಲೇಜಿನವರು. ಐವತ್ತು ದಾಟಿತ್ತು. ಹಳ್ಳಿ ಶಾಲೆಗಳ ಗಣಿತ ಶಿಕ್ಷಕರ ಬಗ್ಗೆ, ಕನ್ನಡದಲ್ಲಿ, 'ನುಡಿ' ಎಂಬ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಸಿದ್ದರು. ಲೈಬ್ರರಿಯಿಂದ ರಿಪೋರ್ಟ್ ಬಂತು. ಸೊನ್ನೆ ಪರ್ಸೆಂಟ್! ಅಂಗಡಿಗೆ ಅರ್ಧ ಕೆಜಿ ಪೇಡ ತಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನುಡಿಯ ಹಳೇ ಫಾಂಟಿನಲ್ಲಿ ನಮ್ಮ ಕಣ್ಣಿಗೆ 'ಕನ್ನಡ' ಅಂತ ಕಾಣುವುದು ಕಂಪ್ಯೂಟರಿನ ಒಳಗೆ ಇಂಗ್ಲಿಷ್ ಪಿ, ತಲೆ ಮೇಲೆ ಗೀಟಿರುವ ಎ, ಆಮೇಲೆ ಬ್ರಿಟಿಷ್ ಪೌಂಡಿನ ಗುರುತು, ಹೀಗೆ ಇರುತ್ತದೆ. ಸಾಫ್ಟ್‌ವೇರ್ ಓದಿದ್ದು ಇನ್ನೂರು ಚಿಲ್ಲರೆ ಪುಟ ಪೌಂಡು. ಪಾಪ, ಅದಾದರೂ ಯಾವುದಕ್ಕೆ ತಾಳೆ ನೋಡಬೇಕು?

ಪೇಡ ತಿಂದಮೇಲೆ ಸುಮ್ನೆ ಇರಬಹುದಿತ್ತು. ಹೇಳಿಬಿಟ್ಟೆ. ಅಷ್ಟರಲ್ಲಿ ಲೈಬ್ರರಿಯವರಿಗೂ ಗೊತ್ತಾಗಿ, ಯೂನಿಕೋಡ್‌ನಲ್ಲಿ ಕೊಡಿ ಅಂದರು, ಅದರಲ್ಲಿ ಕನ್ನಡ ಕಂಪ್ಯೂಟರಿನ ಒಳಗೂ ಕನ್ನಡವೇ. ಕನ್ವರ್ಟ್ ಮಾಡಿದೆ. ಜಾರಿದ ಅರ್ಕಾವೊತ್ತುಗಳನ್ನು ಹಿಡಿದು ಕೂರಿಸುವುದಕ್ಕೇ ನಾಲ್ಕು ದಿನ ಹೋಯಿತು. ಈ ಸಲ 31 ಬಂತು. 'ನೀವು ಕನ್ವರ್ಟ್ ಮಾಡಿದ್ದಕ್ಕೇ ಬಂತು ಮೇಡಂ, ಈಗ ನೀವೇ ಇಳಿಸಿ' ಅಂದರು.

ಕೂರಿಸಿಕೊಂಡು ರಿಪೋರ್ಟ್ ತೆರೆದೆ. ಬಣ್ಣ ಬಿದ್ದದ್ದೆಲ್ಲ ಎರಡನೇ ಅಧ್ಯಾಯದಲ್ಲಿ, ಕಲಿಕೆ ಅಂದರೇನು, ಮನೋಭಾವ ಅಂದರೇನು ಅನ್ನುವ ಕಡೆ. ಬಿ.ಎಡ್. ಗೈಡ್ ಪುಸ್ತಕಗಳಿಂದ ನಕಲು ಮಾಡಿದ್ದು. ಆಮೇಲೆ 'ಸರ್ಕಾರಿ ಮತ್ತು ಖಾಸಗಿ ಶಾಲೆಗಳ ಶಿಕ್ಷಕರ ಮನೋಭಾವದಲ್ಲಿ ಸಾರ್ಥಕ ವ್ಯತ್ಯಾಸವಿಲ್ಲ' ಎಂಬ ಸಾಲು. ನಗರ–ಗ್ರಾಮೀಣ, ಪುರುಷ–ಮಹಿಳೆ ಅಂತ ಎರಡೆರಡು ಪದ ಬದಲಾಗಿ ಅದೇ ಸಾಲು ಮತ್ತೆ ಮತ್ತೆ. ಈ ಸಾಲು ಇಲ್ಲದ ಎಜುಕೇಷನ್ ಥೀಸಿಸ್ ನಾನು ನೋಡಿಲ್ಲ.

ಪುಟ ಸರಿಸುತ್ತಾ ಹೋದರೆ ಕೊನೆಗೆ ಹನ್ನೊಂದು ಪುಟ ಒಂದು ಚುಕ್ಕೆ ಬಣ್ಣವಿಲ್ಲ. ಮೂರನೇ ಅನುಬಂಧ. ಮೇಷ್ಟ್ರು ಹಳ್ಳಿ ಶಾಲೆಯ ಐದನೇ ಕ್ಲಾಸಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಂಡದ್ದು. 52ರಲ್ಲಿ 38 ಕಳೆ ಅಂದರೆ ಮಕ್ಕಳು 26 ಅಂತ ಬರೆದಿದ್ದಾರೆ. 14 ಬರಬೇಕಲ್ಲ? ಎಂಟರಲ್ಲಿ ಎರಡು ಹೋದರೆ ಆರು, ಐದರಲ್ಲಿ ಮೂರು ಹೋದರೆ ಎರಡು. ಯಾಕೆ ಹಾಗೆ ಮಾಡಿದೆ ಅಂತ ಒಬ್ಬಳನ್ನು ಕೇಳಿದ್ದಾರೆ. 'ದೊಡ್ಡದರಿಂದ ಚಿಕ್ಕದು ಕಳೀಬೇಕು ಅಂತ ಮಿಸ್ಸೇ ಹೇಳಿದಾರೆ ಸಾ' ಅಂದಿದ್ದಾಳೆ. ಆ ಮಿಸ್ಸಿಗೆ ಮೇಷ್ಟ್ರು ಕೇಳಿದ್ದು, ಅವರು ಸ್ವಲ್ಪ ಹೊತ್ತು ಸುಮ್ಮನಿದ್ದದ್ದು, ಮಾರನೇ ದಿನ ಕಡ್ಡಿ ಕಟ್ಟು ತಂದು ಹತ್ತರ ಕಟ್ಟು ಬಿಚ್ಚಿಸಿದ್ದು, ಎಲ್ಲ ಇದೆ. ನನಗೂ ಶಾಲೆಯಲ್ಲಿ ಹಾಗೇ ಹೇಳಿಕೊಟ್ಟಿದ್ದರು.

'ಸರ್, ಇದು ಯಾಕೆ ಅನುಬಂಧದಲ್ಲಿದೆ?'

'ಮೊದಲು ನಾಲ್ಕನೇ ಅಧ್ಯಾಯದಲ್ಲೇ ಇತ್ತು. ಇದರಲ್ಲಿ ಟೇಬಲ್ ಇಲ್ಲ, ಟಿ-ಟೆಸ್ಟ್ ಇಲ್ಲ, ತೆಗೀರಿ ಅಂದ್ರು ಗೈಡು.'

'ವಾಪಸ್ ಹಾಕೋಣ?'

'ಬೇಡ ಮೇಡಂ. ಮಗಳ ಮದುವೆ ಇದೆ.'

ಥೀಸಿಸ್‌ಗೂ ಮದುವೆಗೂ ಏನು ಸಂಬಂಧ ಅಂತ ಕೇಳಲಿಲ್ಲ. ಪ್ರಮೋಷನ್ ಇರಬೇಕು, ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ 'ಡಾ.' ಇರಬೇಕು. ಇರಲಿ ಬಿಡಿ.

ಎರಡನೇ ಅಧ್ಯಾಯಕ್ಕೆ ನಾನು ಮಾಡಿದ್ದು ಇಷ್ಟೇ. ಮೂರು ಸಂಜೆ ಅವರನ್ನು ಎದುರಿಗೆ ಕೂರಿಸಿಕೊಂಡೆ. ಪುಸ್ತಕ ಎಲ್ಲ ಜೆರಾಕ್ಸ್ ಮಷಿನ್ ಹಿಂದೆ ಇಟ್ಟೆ. 'ಕಲಿಕೆ ಅಂದ್ರೆ ಏನು ಸರ್, ನಂಗೆ ಹೇಳಿ' ಅಂದೆ. ಸ್ವಲ್ಪ ಹೊತ್ತು ಫ್ಯಾನ್ ನೋಡಿದರು. 'ನಿನ್ನೆ ಹೆದರ್ತಿದ್ದ ಲೆಕ್ಕಾನ ಇವತ್ತು ಹುಡುಗ ತಾನೇ ಬೋರ್ಡ್ ಹತ್ರ ಬಂದು ಮಾಡ್ತಾನಲ್ಲ, ಅದು' ಅಂದರು. ನಾನು ಟೈಪ್ ಮಾಡಿದೆ. 'ಅಯ್ಯೋ, ಅದನ್ನ ಬರೀಬೇಡಿ!' ಅಂದರು. ಅಷ್ಟರಲ್ಲಿ ಸೇವ್ ಆಗಿತ್ತು. ಆಮೇಲೆ ಅದಕ್ಕೊಂದು ಪಂಚೆ ಉಡಿಸಿ, ಶಲ್ಯ ಹೊದೆಸಿ, 'ವರ್ತನೆಯಲ್ಲಾಗುವ ಬದಲಾವಣೆ' ಅಂತೆಲ್ಲ ಸೇರಿಸಿದರು. ವ್ಯಾಖ್ಯೆ ಕೊಟ್ಟವರ ಹೆಸರನ್ನೂ ಹಾಕಿದರು. ರಿಪೋರ್ಟ್ 9 ಬಂತು.

ಇದನ್ನು ಇಳಿಸುವುದು ಅಂತೀರಾದರೆ ಸರಿ, ಇಳಿಸಿಕೊಡುತ್ತೇನೆ. ಸಂಜೆ ಆರರ ಮೇಲೆ ಬನ್ನಿ, ಪುಸ್ತಕ ತರಬೇಡಿ. ಟೈಪಿಂಗ್ ಚಾರ್ಜ್ ಮಾಮೂಲು. ಪೇಡ ನಿಮ್ಮ ಇಷ್ಟ.

ಮೇಷ್ಟ್ರದ್ದು ಐದು ಕಾಪಿ, ಕಪ್ಪು ರೆಕ್ಸಿನ್, ಬಂಗಾರದ ಅಕ್ಷರ. ಬೈಂಡಿಂಗ್‌ಗೆ ಕಳಿಸುವ ಮುಂಚೆ ಪುಟ ಸರಿಯಿದೆಯಾ ಅಂತ ನೋಡಿದೆ. ಕಳೆಯುವ ಲೆಕ್ಕದ ಆ ಹುಡುಗಿ ಇನ್ನೂ ಅನುಬಂಧ ಮೂರರಲ್ಲೇ ಇದ್ದಳು, ಪ್ರಶ್ನಾವಳಿಯ ಹಿಂದೆ, ಅನುಮತಿ ಪತ್ರದ ಮುಂದೆ.